ಜೇನು ಕಚ್ಚಿಸಿಕೊಂಡರೆ ವಾತ ಹೋಗುತ್ತದೆಯೇ? ವಿಷದೊಳಗಿನ ಪ್ರೋಟೀನುಗಳ ಕಥೆ

ಪ್ರಶ್ನೆ: ಡಾಕ್ಟರೇ, ನಮ್ಮದು ಶಿರಸಿ ತಾಲೂಕಿನ ಹಳ್ಳಿ. ಅಡಿಕೆ ತೋಟದ ಜೊತೆ ತುಡುವೆ ಜೇನಿನ ಹದಿನೈದು ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ಆಯಿಗೆ 61 ವರ್ಷ. ಬೆರಳ ಗಂಟು, ಮಣಿಕಟ್ಟು ಬಾತು ನೋವು. ರುಮಟಾಯ್ಡ್ ಆರ್ಥ್ರೈಟಿಸ್ ಎಂದಿದ್ದಾರೆ. ಅದಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಬಿಪಿಗೆ ದಿನಾ ಅಟೆನೊಲಾಲ್ ತಗೊಳ್ಳುತ್ತಾರೆ. ನಮ್ಮ ಕಡೆ ಒಬ್ಬರು ಜೇನು ಕಚ್ಚಿಸಿ ವಾತ ಗುಣಪಡಿಸುತ್ತಾರೆ. ಆಯಿಗೆ ಮೂರು ಸಲ ಕಚ್ಚಿಸಿದ್ದಾಯಿತು. ಪ್ರತಿ ಸಲವೂ ಎರಡು ದಿನ ನೋವು ಕಡಿಮೆ ಅನಿಸಿತಂತೆ. ಈಗ ಅವರು ‘ಇಂಗ್ಲಿಷ್ ಮಾತ್ರೆ ನಿಲ್ಲಿಸಿ, ವಾರಕ್ಕೆ ಹತ್ತು ಜೇನು ಕಚ್ಚಿಸೋಣ’ ಎನ್ನುತ್ತಿದ್ದಾರೆ. ಇತ್ತ ನನ್ನ ತಮ್ಮನಿಗೆ ಹಿಂದೆ ಎಷ್ಟೋ ಸಲ ಜೇನು ಕಚ್ಚಿದರೂ ಏನೂ ಆಗದಿದ್ದದ್ದು, ಕಳೆದ ಮಾರ್ಚಿನಲ್ಲಿ ಒಂದೇ ಒಂದು ಕಚ್ಚಿದ್ದಕ್ಕೆ ಹತ್ತು ನಿಮಿಷದಲ್ಲಿ ಮೈಯೆಲ್ಲ ದದ್ದು, ಉಸಿರು ಕಟ್ಟಿ, ಕಣ್ಣು ಕತ್ತಲೆ ಬಂದು ಬಿದ್ದ. ತಾಲೂಕು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಚೇತರಿಸಿಕೊಂಡ. ಒಂದೇ ವಿಷ ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ಯಮ ಹೇಗಾಗುತ್ತದೆ? ಜೇನುವಿಷ ಸ್ತನ ಕ್ಯಾನ್ಸರ್ ಕೊಲ್ಲುತ್ತದೆ ಎಂದು ಆಸ್ಟ್ರೇಲಿಯಾದವರು ಕಂಡುಹಿಡಿದಿದ್ದಾರಂತೆ, ನಿಜವೇ? ಕಣಜ, ಚಗಳಿ ಇರುವೆಯ ವಿಷದಲ್ಲೂ ಔಷಧ ಇದೆಯೇ? ಪೆಟ್ಟಿಗೆಗೆ ಕರೆಂಟಿನ ತಂತಿ ಇಟ್ಟು ವಿಷ ತೆಗೆದುಕೊಟ್ಟರೆ ಗ್ರಾಂ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ ಎಂದೂ ಒಬ್ಬರು ಬಂದಿದ್ದರು. ದಯವಿಟ್ಟು ತಿಳಿಸಿ.

ಉತ್ತರ: ಮೊದಲು ತುರ್ತಿನ ಮಾತು. ಆಯಿಯ ಮೆಥೊಟ್ರೆಕ್ಸೇಟ್ ನಿಲ್ಲಿಸಬೇಡಿ, ಜೇನು ಕಚ್ಚಿಸುವುದನ್ನು ನಿಲ್ಲಿಸಿ. ತಮ್ಮನನ್ನು ಪರೀಕ್ಷೆ ಮಾಡಿಸುವ ತನಕ ಪೆಟ್ಟಿಗೆಯ ಹತ್ತಿರ ಬಿಡಬೇಡಿ. ಕಾರಣಗಳನ್ನು ಕೆಳಗೆ ಬರೆದಿದ್ದೇನೆ. ಅಲರ್ಜಿ ವೈದ್ಯನಾಗಿ ನನ್ನ ಹತ್ತಿರ ಬರುವವರಲ್ಲಿ ನಿಮ್ಮ ತಮ್ಮನಂಥವರೂ ಇರುತ್ತಾರೆ, ನಿಮ್ಮ ಆಯಿಯಂಥವರೂ ಇರುತ್ತಾರೆ. ಒಂದೇ ಮನೆಯಿಂದ ಎರಡೂ ಬಂದಿದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಜೇನಿನ ವಿಷ ಒಂದು ವಸ್ತುವಲ್ಲ. ಒಣಗಿಸಿ ತೂಗಿದರೆ ಅದರ ಸುಮಾರು ಅರ್ಧಪಾಲು ಮೆಲಿಟಿನ್ ಎಂಬ ಪುಟ್ಟ ಪೆಪ್ಟೈಡ್, ಅಂದರೆ ಕಿರು ಪ್ರೋಟೀನ್. ಬರೀ 26 ಅಮೈನೊ ಆಮ್ಲಗಳ ಸರಪಳಿ ಅದು. ನೂರಕ್ಕೆ ಹತ್ತು ಹನ್ನೆರಡು ಪಾಲು ಫಾಸ್ಫೊಲಿಪೇಸ್ ಎ2 ಎಂಬ ಕಿಣ್ವ. ಹಯಲುರೊನಿಡೇಸ್ ಎಂಬ ಇನ್ನೊಂದು ಕಿಣ್ವ ಎರಡು ಮೂರು ಪಾಲು ಇದ್ದೀತು. ನರಗಳ ಮೇಲೆ ಕೆಲಸ ಮಾಡುವ ಅಪಮಿನ್ ಇದೆ, ನಮ್ಮ ಮಾಸ್ಟ್ ಎಂಬ ರಕ್ಷಣಾ ಕೋಶಗಳನ್ನು ಒಡೆದು, ತುರಿಕೆ ಬಾವು ತರುವ ಹಿಸ್ಟಮಿನ್ ಸುರಿಸುವ ಪೆಪ್ಟೈಡ್ ಇದೆ, ಇವಲ್ಲದೆ ಚಿಲ್ಲರೆ ಪ್ರೋಟೀನುಗಳು ಹಲವು. ಪ್ರಯೋಗಾಲಯದಲ್ಲಿ ವಿಷವನ್ನು ಜೆಲ್ ಎಂಬ ಲೋಳೆಯ ಹಲಗೆಯ ಮೇಲೆ ವಿದ್ಯುತ್ತಿನಿಂದ ಓಡಿಸಿ ನೀಲಿ ಬಣ್ಣ ಹಾಕಿದರೆ ಇವು ಬೇರೆ ಬೇರೆ ಗೆರೆಗಳಾಗಿ ನಿಲ್ಲುತ್ತವೆ. ಮೇಲೆ ಹಯಲುರೊನಿಡೇಸಿನ ತೆಳು ಗೆರೆ, ನಡುವೆ ಫಾಸ್ಫೊಲಿಪೇಸಿನ ದಪ್ಪ ಪಟ್ಟಿ, ತೀರಾ ತಳದಲ್ಲಿ ಮೆಲಿಟಿನ್ನಿನ ಕಡುನೀಲಿ ಕಲೆ. ‘ಜೇನುವಿಷಕ್ಕೆ ಔಷಧಗುಣ ಇದೆ’ ಎಂದು ಯಾರಾದರೂ ಹೇಳಿದರೆ, ಇದರಲ್ಲಿ ಯಾವ ಗೆರೆಯ ಮಾತು ಆಡುತ್ತಿದ್ದೀರಿ ಎಂದು ಕೇಳಬೇಕು. ಸುದ್ದಿಯಲ್ಲಿ ಬರುವುದು ಒಂದು ಗೆರೆಯ ವಿಚಾರ. ಆಯಿಯ ಬೆರಳಿಗೆ ಹೋಗುತ್ತಿರುವುದು ಅಷ್ಟೂ ಗೆರೆ.

ಮೆಲಿಟಿನ್ ಏನು ಮಾಡುತ್ತದೆ ಎಂಬುದನ್ನು ಕಣ್ಣಾರೆ ನೋಡಬಹುದು. ತೊಳೆದ ಕೆಂಪು ರಕ್ತಕಣಗಳನ್ನು ಉಪ್ಪುನೀರಿನಲ್ಲಿ ತೇಲಿಬಿಟ್ಟರೆ ಗಾಜಿನ ನಳಿಕೆಯೊಳಗಿನ ದ್ರವ ರಾಡಿಗೆಂಪಾಗಿ ಕಾಣುತ್ತದೆ; ಹಿಂದೆ ಅಚ್ಚಾದ ಕಾಗದ ಹಿಡಿದರೆ ಅಕ್ಷರ ಕಾಣುವುದಿಲ್ಲ. ಅದಕ್ಕೆ ಚೂರೇ ಚೂರು ಮೆಲಿಟಿನ್ ಬಿಟ್ಟು ನಳಿಕೆಯನ್ನು ಅಲುಗಿಸಿ ಇಟ್ಟರೆ ಕೆಲವೇ ನಿಮಿಷದಲ್ಲಿ ರಾಡಿ ಹೋಗಿ ದ್ರವ ದಾಸವಾಳದ ಷರಬತ್ತಿನಂತೆ ತಿಳಿಯಾಗುತ್ತದೆ, ಹಿಂದಿನ ಅಕ್ಷರ ಓದಲು ಬರುತ್ತದೆ. ರಕ್ತಕಣಗಳ ಪೊರೆ ತೂತುಬಿದ್ದು ಒಳಗಿನ ಹಿಮೋಗ್ಲೋಬಿನ್ ಹೊರಗೆ ಸೋರಿದ್ದರಿಂದ ಆದದ್ದು ಅದು. ಮೆಲಿಟಿನ್ನಿನ ಒಂದು ಮುಖ ಜಿಡ್ಡನ್ನು ಬಯಸುತ್ತದೆ, ಇನ್ನೊಂದು ಮುಖ ನೀರನ್ನು. ಜೀವಕೋಶದ ಪೊರೆ ಜಿಡ್ಡಿನಿಂದಲೇ ಆದದ್ದು. ಮೆಲಿಟಿನ್ ಅದರೊಳಗೆ ನುಗ್ಗಿ ಒಡೆದುಬಿಡುತ್ತದೆ. ಅದು ಕ್ಯಾನ್ಸರ್ ಕೋಶವೋ ರಕ್ತಕಣವೋ ನರದ ತುದಿಯೋ ಎಂದು ಅದು ಹೆಚ್ಚು ಭೇದ ಮಾಡುವುದಿಲ್ಲ. ಜೇನು ಕಚ್ಚಿದಾಗ ಉರಿಯುವುದು ಬಹುಪಾಲು ಇದರಿಂದಲೇ.

ಈಗ ನಿಮ್ಮ ಆಸ್ಟ್ರೇಲಿಯಾದ ಸುದ್ದಿ. ಅದು ಸುಳ್ಳಲ್ಲ. ಪರ್ತ್ ನಗರದ ಹ್ಯಾರಿ ಪರ್ಕಿನ್ಸ್ ಸಂಸ್ಥೆಯಲ್ಲಿ ಕಿಯಾರಾ ಡಫಿ ಎಂಬ ಸಂಶೋಧಕಿ ಮತ್ತು ಅವರ ತಂಡ 2020ರಲ್ಲಿ ಪ್ರಕಟಿಸಿದ ಕೆಲಸ. ಪರ್ತ್, ಐರ್ಲೆಂಡ್, ಇಂಗ್ಲೆಂಡುಗಳ ಜೇನುನೊಣಗಳ ವಿಷ ತಂದು ಸ್ತನ ಕ್ಯಾನ್ಸರಿನ ಬೇರೆ ಬೇರೆ ಬಗೆಯ ಕೋಶಗಳ ಮೇಲೆ ಹಾಕಿ ನೋಡಿದರು. ಚಿಕಿತ್ಸೆಗೆ ಸುಲಭವಾಗಿ ಬಗ್ಗದ ‘ಟ್ರಿಪಲ್ ನೆಗೆಟಿವ್’ ಬಗೆಯ ಕೋಶಗಳೂ ಸತ್ತವು. ಮೆಲಿಟಿನ್ ಒಂದನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ ಹಾಕಿದಾಗಲೂ ಹಾಗೇ ಆಯಿತು, ಅದೂ ಒಂದು ಗಂಟೆಯೊಳಗೆ. ಮೆಲಿಟಿನ್ ಇಲ್ಲದ ಬಂಬಲ್ ಬೀ ವಿಷ ಅಂಥ ಕೆಲಸ ಮಾಡಲಿಲ್ಲ. ಇಲಿಗಳಲ್ಲಿ ಡೊಸಿಟ್ಯಾಕ್ಸೆಲ್ ಎಂಬ ಕೀಮೊ ಔಷಧದ ಜೊತೆ ಕೊಟ್ಟಾಗ ಗಡ್ಡೆಯ ಬೆಳವಣಿಗೆ ತಗ್ಗಿತು. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಅದು ತಟ್ಟೆಯಲ್ಲಿನ ಕೋಶಗಳ ಮತ್ತು ಇಲಿಯ ಲೆಕ್ಕ. ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವ ವಸ್ತುಗಳು ಬೇಕಾದಷ್ಟಿವೆ. ರಕ್ತಕ್ಕೆ ಬಿಟ್ಟ ಮೆಲಿಟಿನ್ ಗಡ್ಡೆ ತಲುಪುವ ಮೊದಲು ರಕ್ತಕಣಗಳನ್ನು ಒಡೆಯದಂತೆ ತಡೆಯುವುದು ಹೇಗೆ, ಇದೇ ಎಲ್ಲರ ತಲೆನೋವು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2009ರಲ್ಲೇ ಮೆಲಿಟಿನ್ನನ್ನು ಅತಿಸೂಕ್ಷ್ಮ ಕಣಗಳ ಮೈಗೆ ಅಂಟಿಸಿ, ಗಡ್ಡೆಗೆ ಹೋಗಿ ಬಿಡುಗಡೆಯಾಗುವಂತೆ ಮಾಡಿ ಇಲಿಗಳಲ್ಲಿ ತೋರಿಸಿದ್ದರು. ಅಷ್ಟಾದರೂ ಆಸ್ಪತ್ರೆಯಲ್ಲಿ ರೋಗಿಗೆ ಬರೆದುಕೊಡುವ ಮೆಲಿಟಿನ್ ಔಷಧ ಇನ್ನೂ ಬಂದಿಲ್ಲ. ಹಾಗಾಗಿ ನಿಮ್ಮ ಪರಿಚಯದಲ್ಲಿ ಯಾರಾದರೂ ಕ್ಯಾನ್ಸರ್ ರೋಗಿ ಈ ಸುದ್ದಿ ಹಿಡಿದುಕೊಂಡು ಜೇನಿನ ಪೆಟ್ಟಿಗೆ ಹುಡುಕಿ ಬಂದರೆ, ದಯವಿಟ್ಟು ವಾಪಸ್ ಅವರ ಆಂಕಾಲಜಿಸ್ಟ್ ಹತ್ತಿರ ಕಳಿಸಿ.

ವಿಷದಿಂದ ಔಷಧ ಬರುವುದೇ ಇಲ್ಲ ಎಂದು ಹೇಳಲು ಹೊರಟಿಲ್ಲ. ನಮ್ಮ ಹಳೇ ಬಿಪಿ ಔಷಧ ಕ್ಯಾಪ್ಟೊಪ್ರಿಲ್ ಹುಟ್ಟಿದ್ದು ಬ್ರೆಜಿಲ್‌ನ ಒಂದು ಮಂಡಲ ಜಾತಿಯ ಹಾವಿನ ವಿಷದ ಪೆಪ್ಟೈಡಿನ ಸುಳಿವಿನಿಂದ. ಸಕ್ಕರೆ ಕಾಯಿಲೆಯ ಎಕ್ಸೆನಟೈಡ್ ಬಂದದ್ದು ಗಿಲಾ ಮಾನ್‌ಸ್ಟರ್ ಎಂಬ ಹಲ್ಲಿಯ ಜೊಲ್ಲಿನಿಂದ. ತೀವ್ರ ನೋವಿಗೆ ಬೆನ್ನುಹುರಿಯ ದ್ರವಕ್ಕೆ ಕೊಡುವ ಜಿಕೊನೊಟೈಡ್ ಸಮುದ್ರದ ಶಂಖದ ಹುಳುವಿನದು. ಆದರೆ ಇವುಗಳಲ್ಲಿ ಯಾವುದಕ್ಕೂ ಹಾವಿನಿಂದ ಕಚ್ಚಿಸಿಕೊಳ್ಳಬೇಕಾಗಿಲ್ಲ. ವಿಷದಿಂದ ಒಂದು ಅಣುವನ್ನು ಬೇರ್ಪಡಿಸಿ, ಅದು ದೇಹದಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ತಿಳಿದು, ಬೇಡದ ಗುಣ ಕಳೆದು, ಅಳತೆ ಮಾಡಿ ಕೊಟ್ಟಾಗ ಅದು ಔಷಧವಾಯಿತು.

ಜೇನುವಿಷದ ಅಪಮಿನ್ ಈ ದಾರಿಯಲ್ಲಿ ಬೇರೆಯೇ ರೀತಿ ಉಪಕಾರ ಮಾಡಿದೆ. 18 ಅಮೈನೊ ಆಮ್ಲಗಳ ಈ ಪೆಪ್ಟೈಡ್ ನರಕೋಶಗಳಲ್ಲಿ ಪೊಟ್ಯಾಸಿಯಂ ಹಾದುಹೋಗುವ ಒಂದು ನಿರ್ದಿಷ್ಟ ಬಗೆಯ ಬಾಗಿಲನ್ನಷ್ಟೇ ಮುಚ್ಚುತ್ತದೆ, ಬೇರೆಯವನ್ನು ಮುಟ್ಟುವುದಿಲ್ಲ. ಆ ಬಾಗಿಲು ಎಲ್ಲೆಲ್ಲಿದೆ, ಏನು ಮಾಡುತ್ತದೆ ಎಂದು ಪತ್ತೆಹಚ್ಚಲು ದಶಕಗಳಿಂದ ವಿಜ್ಞಾನಿಗಳು ಬಳಸುತ್ತಿರುವ ಉಪಕರಣ ಇದೇ. ರೋಗಿಗೆ ಕೊಡದೆಯೂ ವಿಷದ ಪ್ರೋಟೀನ್ ವೈದ್ಯಕೀಯಕ್ಕೆ ಸಹಾಯ ಮಾಡಬಹುದು. ಈ ಭಾಗ ಸುದ್ದಿಯಾಗುವುದಿಲ್ಲ ಅಷ್ಟೆ. ಪಾರ್ಕಿನ್ಸನ್ ರೋಗಕ್ಕೆ ಅಪಮಿನ್ ಉಪಯೋಗಕ್ಕೆ ಬಂದೀತು ಎಂಬ ಆಸೆಯಿಂದ ಪ್ಯಾರಿಸ್ಸಿನಲ್ಲಿ 40 ರೋಗಿಗಳಿಗೆ ಹನ್ನೊಂದು ತಿಂಗಳು, ತಿಂಗಳಿಗೊಮ್ಮೆ 100 ಮೈಕ್ರೋಗ್ರಾಂ ಜೇನುವಿಷ ಅಥವಾ ಬರೀ ಉಪ್ಪುನೀರು ಚುಚ್ಚಿ ಹೋಲಿಸಿ ನೋಡಿದರು. 2016ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನರಗಳ ಹೊದಿಕೆ ಕೆಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಕ್ಕೆ ನೆದರ್ಲೆಂಡ್ಸಿನವರು ಜೀವಂತ ಜೇನನ್ನೇ ಕಚ್ಚಿಸಿ 26 ರೋಗಿಗಳಲ್ಲಿ ಪರೀಕ್ಷಿಸಿ 2005ರಲ್ಲಿ ವರದಿ ಮಾಡಿದರು. ಅಲ್ಲೂ ರೋಗ ಕಡಿಮೆಯಾಗಲಿಲ್ಲ, ಸುಸ್ತೂ ಕಡಿಮೆಯಾಗಲಿಲ್ಲ.

ಹಾಗಾದರೆ ಆಯಿಗೆ ನೋವು ಕಡಿಮೆಯಾದದ್ದು? ಅವರು ಸುಳ್ಳು ಹೇಳುತ್ತಿಲ್ಲ. ಒಂದು ಜಾಗದಲ್ಲಿ ಹೊಸ ಉರಿ ಎದ್ದಾಗ ಹಳೇ ನೋವು ಮಂಕಾಗುವುದು ನರಮಂಡಲದ ಸಹಜ ಗುಣ. ಅದಲ್ಲದೆ ಜೇನುವಿಷ ದೇಹಕ್ಕೆ ಒಂದು ಆಘಾತ. ಆಘಾತವಾದಾಗ ಅಡ್ರಿನಲ್ ಗ್ರಂಥಿ ತಾನಾಗಿಯೇ ಕಾರ್ಟಿಸಾಲ್ ಸುರಿಸುತ್ತದೆ, ಪ್ರಾಣಿಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ. ಕಾರ್ಟಿಸಾಲ್ ಎಂದರೆ ನಮ್ಮದೇ ಸ್ಟಿರಾಯ್ಡ್. ಒಂದೆರಡು ದಿನ ಬಾವು ಇಳಿದಂತೆ ಅನಿಸಬಹುದು. ರುಮಟಾಯ್ಡ್ ಆರ್ಥ್ರೈಟಿಸ್ ತಾನೇ ಏರುವ, ತಾನೇ ಇಳಿಯುವ ರೋಗ ಎಂಬುದನ್ನೂ ಸೇರಿಸಿಕೊಳ್ಳಿ. ಇಲಿಗಳ ಕೀಲುಬಾವು ಜೇನುವಿಷದಿಂದ ತಗ್ಗಿದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ, ಹಾಗಾಗಿ ಇದರಲ್ಲಿ ಏನೋ ಇದೆ ಎಂದು ಹುಡುಕುವುದು ತಪ್ಪಲ್ಲ. ಕೊರಿಯಾದಲ್ಲಂತೂ ಜೇನುವಿಷವನ್ನು ಅಕ್ಯುಪಂಕ್ಚರ್ ಬಿಂದುಗಳಿಗೆ ಚುಚ್ಚುವ ಪದ್ಧತಿ ಚೆನ್ನಾಗಿ ಬೇರೂರಿದೆ. ಆದರೆ ಅದೇ ಕೊರಿಯಾದ ಸಂಶೋಧಕರು ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಇದರಿಂದ ಪ್ರಯೋಜನವಿದೆಯೇ ಎಂದು ಮುನ್ನೂರಕ್ಕೂ ಹೆಚ್ಚು ಲೇಖನ ಜಾಲಾಡಿ 2014ರಲ್ಲಿ ಬರೆದರು. ಸರಿಯಾದ ಮಾನದಂಡಕ್ಕೆ ಹೊಂದಿದ್ದು ಒಂದೇ ಒಂದು ಪ್ರಯೋಗ. ಒಂದರ ಮೇಲೆ ಯಾರೂ ತೀರ್ಮಾನ ಕಟ್ಟುವುದಿಲ್ಲ.

ನನಗೆ ಆತಂಕ ಇರುವುದು ನೋವು ಕಡಿಮೆಯಾಗುವುದರ ಬಗ್ಗೆ ಅಲ್ಲ. ನೋವು ಕಡಿಮೆ ಅನಿಸಿದಾಗಲೂ ಒಳಗೆ ಮೂಳೆ ಸವೆಯುತ್ತಿರುತ್ತದೆ. ಮೆಥೊಟ್ರೆಕ್ಸೇಟ್ ಮಾಡುವ ದೊಡ್ಡ ಕೆಲಸ ಆ ಸವೆತ ತಡೆಯುವುದು, ಅದು ದಿನದಿನಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಜನ ಅದನ್ನು ಬಿಟ್ಟು ನೋವು ತಕ್ಷಣ ತಗ್ಗಿಸುವುದರ ಹಿಂದೆ ಹೋಗುತ್ತಾರೆ. ಒಂದೆರಡು ವರ್ಷ ಕಳೆದು ಬೆರಳು ಸೊಟ್ಟಗಾಗಿ ಬಂದಾಗ ವಾಪಸ್ ನೆಟ್ಟಗೆ ಮಾಡುವ ಮಾತ್ರೆ ನಮ್ಮ ಹತ್ತಿರ ಇರುವುದಿಲ್ಲ.

ಇನ್ನು ಆ ‘ವಾರಕ್ಕೆ ಹತ್ತು ಜೇನು’. ಇದನ್ನು ಡೋಸ್ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಮೆಲ್ಲಿಫೆರಾ ಎಂಬ ಯುರೋಪಿನ ಸಾಕು ಜೇನು ಒಮ್ಮೆ ಕಚ್ಚಿದರೆ ಒಳಗೆ ಹೋಗುವ ವಿಷ 50ರಿಂದ 140 ಮೈಕ್ರೋಗ್ರಾಂ ಎಂದು ಅಳೆದಿದ್ದಾರೆ. ತುಡುವೆ ಚಿಕ್ಕ ನೊಣ, ಅದರದ್ದು ಕಡಿಮೆ. ಆಗಷ್ಟೇ ಕೋಶದಿಂದ ಹೊರಬಂದ ನೊಣದಲ್ಲಿ ವಿಷ ಇಲ್ಲವೆನ್ನುವಷ್ಟು ಕಡಿಮೆ ಇರುತ್ತದೆ, ಎರಡು ಮೂರು ವಾರದ ಕಾವಲು ನೊಣದಲ್ಲಿ ತುಂಬಿರುತ್ತದೆ. ಮುಳ್ಳು ಚರ್ಮದಲ್ಲಿ ಎಷ್ಟು ಹೊತ್ತು ಇತ್ತು ಎಂಬುದೂ ಮುಖ್ಯ: ಕಿತ್ತುಬಂದ ವಿಷದ ಚೀಲ ಒಂಟಿಯಾಗಿಯೇ ಮಿಡಿಯುತ್ತ ಇಪ್ಪತ್ತು ಸೆಕೆಂಡಿನಲ್ಲಿ ತನ್ನಲ್ಲಿರುವುದರ ಬಹುಪಾಲನ್ನು ಒಳಗೆ ತಳ್ಳುತ್ತದೆ, ಒಂದು ನಿಮಿಷದಲ್ಲಿ ಪೂರ್ತಿ ಖಾಲಿ. (ಮುಳ್ಳನ್ನು ಉಗುರಿನಿಂದ ಕೆರೆದೇ ತೆಗೆಯಬೇಕು, ಚಿವುಟಿ ಎಳೆಯಬಾರದು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಹೇಗೆ ತೆಗೆದರೂ ಒಂದೇ, ತಡ ಮಾಡಬಾರದು ಅಷ್ಟೆ. ಸುಣ್ಣ ಹಚ್ಚುವುದೂ ಹಾಗೆಯೇ. ವಿಷ ಇರುವುದು ಚರ್ಮದ ಕೆಳಗೆ, ಸುಣ್ಣ ಇರುವುದು ಮೇಲೆ. ಜೇನಿನದು ಆಮ್ಲ, ಕಣಜದ್ದು ಕ್ಷಾರ, ಒಂದಕ್ಕೆ ಸೋಡಾ ಮತ್ತೊಂದಕ್ಕೆ ವಿನೆಗರ್ ಎಂಬುದೂ ಬರೀ ಪುಸ್ತಕದ ಬದನೆಕಾಯಿ. ತಣ್ಣೀರಿನ ಬಟ್ಟೆ ಸಾಕು.) ಹೀಗಿರುವಾಗ ಒಂದು ಜೇನಿನ ವಿಷಕ್ಕೂ ಇನ್ನೊಂದರದ್ದಕ್ಕೂ ಹೋಲಿಕೆಯೇ ಇಲ್ಲ.

ಇದಕ್ಕಿಂತ ದೊಡ್ಡ ಅಪಾಯ ಅಲರ್ಜಿಯದ್ದು, ಅದಕ್ಕೆ ನಿಮ್ಮ ತಮ್ಮನೇ ಸಾಕ್ಷಿ. ಅವನ ರಕ್ತ ಕೆಟ್ಟದ್ದಲ್ಲ, ಆ ಜೇನಿನ ವಿಷ ಹೆಚ್ಚು ಖಾರವಾದದ್ದೂ ಅಲ್ಲ. ಹಿಂದೆ ಕಚ್ಚಿಸಿಕೊಂಡ ಯಾವುದೋ ಒಂದು ಸಲ ಅವನ ರೋಗನಿರೋಧಕ ವ್ಯವಸ್ಥೆ ವಿಷದ ಪ್ರೋಟೀನುಗಳನ್ನು ನೋಡಿ ಐಜಿಇ ಎಂಬ ಪ್ರತಿಕಾಯ ತಯಾರಿಸಿತು. ಆ ಐಜಿಇ ಮಾಸ್ಟ್ ಕೋಶಗಳ ಮೈಮೇಲೆ ಕೂತು ಕಾಯುತ್ತಿರುತ್ತದೆ. ಮುಂದಿನ ಸಲ ಅದೇ ಪ್ರೋಟೀನ್ ಬಂದಾಗ ಮೈತುಂಬ ಇರುವ ಆ ಕೋಶಗಳು ಒಮ್ಮೆಲೇ ಹಿಸ್ಟಮಿನ್ ಮುಂತಾದವನ್ನು ಸುರಿಸುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಗಂಟಲು ಬಿಗಿಯುತ್ತದೆ. ಇದೇ ಅನಾಫೈಲ್ಯಾಕ್ಸಿಸ್. ಇಲ್ಲಿ ವಿಷದ ಪ್ರಮಾಣ ನೆಪ ಮಾತ್ರ, ಒಂದು ಜೇನು ಸಾಕು. ಹೆಜ್ಜೇನು ದಾಳಿ ಮಾಡಿ ನೂರಾರು ಕಚ್ಚಿದಾಗ ಆಗುವುದು ಬೇರೆ. ಅಲ್ಲಿ ಅಲರ್ಜಿ ಇಲ್ಲದವರಿಗೂ ಮೆಲಿಟಿನ್ ಮತ್ತು ಫಾಸ್ಫೊಲಿಪೇಸ್ ಸೇರಿ ರಕ್ತಕಣ, ಸ್ನಾಯು ಒಡೆದು ಮೂತ್ರಪಿಂಡ ಕೆಡುತ್ತದೆ. ಅಂಥವರನ್ನು ‘ಈಗ ಚೆನ್ನಾಗಿದ್ದಾರಲ್ಲ’ ಎಂದು ಮನೆಗೆ ಕರೆತರದೆ ಆಸ್ಪತ್ರೆಯಲ್ಲೇ ಇರಿಸಿ ಮೂತ್ರದ ಬಣ್ಣ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡುತ್ತಿರಬೇಕು.

‘ಮೂರು ಸಲ ಕಚ್ಚಿಸಿದಾಗ ಏನೂ ಆಗಲಿಲ್ಲ, ಹಾಗಾಗಿ ಆಯಿಗೆ ಅಲರ್ಜಿ ಇಲ್ಲ’ ಎಂದು ಆ ಚಿಕಿತ್ಸಕರು ಹೇಳಬಹುದು. ತಮ್ಮನಿಗೂ ಎಷ್ಟೋ ಸಲ ಏನೂ ಆಗಿರಲಿಲ್ಲ. ಸ್ಪೇನಿನ 55 ವರ್ಷದ ಒಬ್ಬ ಮಹಿಳೆ ಎರಡು ವರ್ಷ, ನಾಲ್ಕು ವಾರಕ್ಕೊಮ್ಮೆ ಜೀವಂತ ಜೇನು ಕಚ್ಚಿಸಿಕೊಳ್ಳುವ ಚಿಕಿತ್ಸೆ ಪಡೆದರು, ಒಂದು ತೊಂದರೆಯೂ ಇರಲಿಲ್ಲ. ಆಮೇಲಿನ ಒಂದು ಸಲ ಕಚ್ಚಿಸುತ್ತಿದ್ದಂತೆಯೇ ಉಸಿರು ಸಿಕ್ಕಿಕೊಂಡು ಪ್ರಜ್ಞೆ ತಪ್ಪಿದವರು ಕೆಲವು ವಾರದ ನಂತರ ತೀರಿಕೊಂಡರು. 2018ರಲ್ಲಿ ಅಲ್ಲಿನ ವೈದ್ಯರು ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. ಮತ್ತೆ ಮತ್ತೆ, ಬಿಡುವು ಕೊಟ್ಟು, ಸ್ವಲ್ಪ ಸ್ವಲ್ಪ ವಿಷ ಒಳಗೆ ಬಿಡುವುದು ಐಜಿಇ ಹುಟ್ಟಲು ಹೇಳಿಮಾಡಿಸಿದ ದಾರಿ. ಜೇನು ಸಾಕುವವರಲ್ಲೂ ವರ್ಷಕ್ಕೆ ಇನ್ನೂರಕ್ಕಿಂತ ಹೆಚ್ಚು ಸಲ ಕಚ್ಚಿಸಿಕೊಳ್ಳುವವರಿಗಿಂತ ಆಗೊಮ್ಮೆ ಈಗೊಮ್ಮೆ ಕಚ್ಚಿಸಿಕೊಳ್ಳುವವರಲ್ಲೇ ಅಲರ್ಜಿ ಹೆಚ್ಚು.

ಆಯಿಗೆ ಇನ್ನೊಂದು ತೊಡಕಿದೆ, ಅದನ್ನು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಅಟೆನೊಲಾಲ್ ಬೀಟಾ ಬ್ಲಾಕರ್ ಗುಂಪಿನ ಔಷಧ. ಅನಾಫೈಲ್ಯಾಕ್ಸಿಸ್ ಆದಾಗ ಜೀವ ಉಳಿಸುವುದು ಅಡ್ರಿನಲಿನ್. ಬೀಟಾ ಬ್ಲಾಕರ್ ತಗೊಳ್ಳುವವರಲ್ಲಿ ಆ ಅಡ್ರಿನಲಿನ್ನೇ ಸರಿಯಾಗಿ ಹತ್ತದೇ ಹೋಗಬಹುದು. ಹಾಗೆಂದು ಅಟೆನೊಲಾಲನ್ನು ನೀವೇ ನಿಲ್ಲಿಸಬೇಡಿ, ದಿಢೀರನೆ ಬಿಟ್ಟರೆ ಹೃದಯಕ್ಕೆ ತೊಂದರೆ. ಜೇನಿನ ನಡುವೆಯೇ ಬದುಕುವ ಮನೆಯಾದ್ದರಿಂದ ಬೇರೆ ಬಿಪಿ ಔಷಧಕ್ಕೆ ಬದಲಿಸಬಹುದೇ ಎಂದು ಅವರ ವೈದ್ಯರನ್ನು ಕೇಳಿ. ಕೀಲುನೋವು ಈಗಿನ ಔಷಧಕ್ಕೆ ಬಗ್ಗುತ್ತಿಲ್ಲವಾದರೆ ಅದು ರುಮಟಾಲಜಿಸ್ಟ್ ಎದುರು ಆಡಬೇಕಾದ ಮಾತು. ಮೆಥೊಟ್ರೆಕ್ಸೇಟ್ ಪ್ರಮಾಣ ಹೆಚ್ಚಿಸಬಹುದು, ಹೈಡ್ರಾಕ್ಸಿಕ್ಲೊರೊಕ್ವಿನ್, ಸಲ್ಫಸಲಜಿನ್ ಜೊತೆಗೂಡಿಸಬಹುದು, ಅದಕ್ಕೂ ಮೇಲಿನವು ಇವೆ. ಅವಕ್ಕೂ ಅಡ್ಡಪರಿಣಾಮ ಇದೆ, ಲಿವರ್ ಮತ್ತು ರಕ್ತಕಣದ ಪರೀಕ್ಷೆ ಆಗಾಗ ಮಾಡಿಸಬೇಕು. ವ್ಯತ್ಯಾಸ ಏನೆಂದರೆ ಅವುಗಳ ಅಡ್ಡಪರಿಣಾಮ ನಮಗೆ ಮೊದಲೇ ಗೊತ್ತು, ರಕ್ತ ಪರೀಕ್ಷೆಯಲ್ಲಿ ಹಿಡಿಯಬಹುದು.

ಈಗ ತಮ್ಮನ ವಿಚಾರ. ಒಂದೇ ವಿಷ ಮದ್ದೂ ಯಮನೂ ಹೇಗಾಗುತ್ತದೆ ಎಂದು ಕೇಳಿದಿರಿ. ಜೇನುವಿಷ ಗಟ್ಟಿಯಾಗಿ ಸಾಬೀತಾದ ಔಷಧವಾಗಿರುವುದು ಜೇನುವಿಷದ ಅಲರ್ಜಿಗೇ! ಇದರ ಹಿಂದೆ ಒಂದು ಪಾಠದಂಥ ಕಥೆ ಇದೆ. ಸುಮಾರು ಐವತ್ತು ವರ್ಷ ಅಮೆರಿಕದ ವೈದ್ಯರು ಇಡೀ ಜೇನುಹುಳುವನ್ನೇ ಅರೆದು, ಸೋಸಿ, ಆ ರಸವನ್ನು ಅಲರ್ಜಿ ಇರುವವರಿಗೆ ಚುಚ್ಚುತ್ತಿದ್ದರು. ಎಲ್ಲರಿಗೂ ಅದರಲ್ಲಿ ನಂಬಿಕೆ. 1978ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ತಂಡವೊಂದು ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶುದ್ಧ ವಿಷ, ಒಂದಕ್ಕೆ ಹುಳು ಅರೆದ ರಸ, ಒಂದಕ್ಕೆ ಹುಸಿಮದ್ದು ಕೊಟ್ಟು, ಆಮೇಲೆ ಆಸ್ಪತ್ರೆಯಲ್ಲೇ ಬೇಕೆಂದೇ ಕಚ್ಚಿಸಿ ನೋಡಿತು. ಹುಸಿಮದ್ದಿನವರಲ್ಲಿ 12ರಲ್ಲಿ 7 ಜನರಿಗೆ ಮೈಯೆಲ್ಲ ಅಲರ್ಜಿ. ಹುಳು ಅರೆದ ರಸದವರಲ್ಲಿ 11ರಲ್ಲಿ 7. ವಿಷ ಪಡೆದವರಲ್ಲಿ 18ರಲ್ಲಿ ಒಬ್ಬರಿಗೆ ಮಾತ್ರ. ಅಷ್ಟು ವರ್ಷ ಕೊಟ್ಟದ್ದು ನೀರಿಗೆ ಸಮ ಎಂದು ಒಂದೇ ಪ್ರಯೋಗದಲ್ಲಿ ಗೊತ್ತಾಯಿತು. ಬೇಕಾದ ಪ್ರೋಟೀನ್ ಇದ್ದದ್ದು ಚೀಲದಲ್ಲಿ, ಹುಳುವಿನ ಉಳಿದ ಮೈಯಲ್ಲಲ್ಲ. ಮಜಾ ಎಂದರೆ ಅಮೆರಿಕದಲ್ಲಿ ಬೆಂಕಿಯಿರುವೆಯ ಅಲರ್ಜಿಗೆ ಇಂದಿಗೂ ಇಡೀ ಇರುವೆ ಅರೆದ ರಸವನ್ನೇ ಕೊಡುತ್ತಾರೆ. ಅದರಲ್ಲಿ ವಿಷದ ಪ್ರೋಟೀನ್ ಸಾಕಷ್ಟು ಉಳಿದಿರುತ್ತದೆ.

ಈ ಚಿಕಿತ್ಸೆಗೆ ವೆನಮ್ ಇಮ್ಯುನೊಥೆರಪಿ ಎನ್ನುತ್ತಾರೆ. ಮೈಕ್ರೋಗ್ರಾಮಿನ ಸಣ್ಣ ಅಂಶದಿಂದ ಶುರುಮಾಡಿ ಏರಿಸುತ್ತ 100 ಮೈಕ್ರೋಗ್ರಾಂಗೆ ತಂದು ನಿಲ್ಲಿಸುವುದು, ಆಮೇಲೆ ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಅಷ್ಟೇ ಕೊಡುತ್ತ ಮೂರರಿಂದ ಐದು ವರ್ಷ ಮುಂದುವರಿಸುವುದು. ದೇಹ ನಿಧಾನಕ್ಕೆ ಐಜಿಇ ಬದಲು ಐಜಿಜಿ4 ಎಂಬ ತಡೆಯುವ ಪ್ರತಿಕಾಯ ಕಟ್ಟಿಕೊಳ್ಳುತ್ತದೆ. ಜೇನಿನ ಅಲರ್ಜಿಯಲ್ಲಿ ನೂರಕ್ಕೆ 77ರಿಂದ 84 ಜನರಿಗೆ, ಕಣಜದ ಅಲರ್ಜಿಯಲ್ಲಿ 91ರಿಂದ 96 ಜನರಿಗೆ ರಕ್ಷಣೆ ಸಿಗುತ್ತದೆ. ಜೇನಿನಲ್ಲಿ ಯಾಕೆ ಕಡಿಮೆ ಎಂದು ಹುಡುಕುತ್ತ ಹೋದವರಿಗೆ ಸಿಕ್ಕ ಒಂದು ಉತ್ತರ ಕುತೂಹಲದ್ದು. ವಿಷದಲ್ಲಿ ಐಕರಾಪಿನ್ ಎಂಬ ಪ್ರೋಟೀನ್ ತೀರಾ ಅತ್ಯಲ್ಪ, ಜೆಲ್ ಮೇಲೆ ಗೆರೆಯಾಗಿ ಕಾಣುವುದೂ ಕಷ್ಟ. ಆದರೆ ಕೆಲವರ ಅಲರ್ಜಿ ಮುಖ್ಯವಾಗಿ ಅದಕ್ಕೇ. ಮಾರುಕಟ್ಟೆಯ ಕೆಲವು ವಿಷದ ತಯಾರಿಕೆಗಳಲ್ಲಿ ಶುದ್ಧೀಕರಿಸುವಾಗ ಅದೇ ಕಳೆದುಹೋಗಿರುತ್ತದೆ ಎಂದು ಜರ್ಮನಿಯ ಸಂಶೋಧಕರು ತೋರಿಸಿದರು. ಅಂಥ ರೋಗಿಗೆ ವರ್ಷಗಟ್ಟಲೆ ಚುಚ್ಚಿದರೂ ಬೇಕಾದ್ದು ಹೋಗಿರುವುದಿಲ್ಲ. ಪ್ರೋಟೀನುಗಳನ್ನು ಒಂದೊಂದಾಗಿ ಎಣಿಸಿ ಹೆಸರಿಟ್ಟು ಕೂತವರ ಕೆಲಸಕ್ಕೆ ಏನು ಬೆಲೆ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು.

ತಮ್ಮನಿಗೆ ಮೊದಲು ಅಲರ್ಜಿ ತಜ್ಞರಿಂದ ಚರ್ಮದ ಪರೀಕ್ಷೆ, ರಕ್ತದಲ್ಲಿ ವಿಷದ ಐಜಿಇ ಪರೀಕ್ಷೆ, ಜೊತೆಗೆ ಮಾಸ್ಟ್ ಕೋಶಗಳ ಸುಳಿವು ಕೊಡುವ ಟ್ರಿಪ್ಟೇಸ್ ಪರೀಕ್ಷೆ ಮಾಡಿಸಿ. ಪರೀಕ್ಷೆಯಲ್ಲಿ ಜೇನು, ಕಣಜ ಎರಡೂ ಪಾಸಿಟಿವ್ ಬಂದರೆ ಗಾಬರಿ ಬೇಡ. ಎರಡರ ಪ್ರೋಟೀನುಗಳ ಮೇಲೂ ಒಂದೇ ಥರದ ಸಕ್ಕರೆಯ ಅಂಶ ಅಂಟಿರುವುದರಿಂದ ಹಾಗಾಗುವುದುಂಟು. ಸಕ್ಕರೆಯಿಲ್ಲದೆ ತಯಾರಿಸಿದ ಒಂದೊಂದೇ ಪ್ರೋಟೀನಿನ ಪರೀಕ್ಷೆಯಿಂದ ನಿಜ ಯಾವುದು ಎಂದು ಬೇರ್ಪಡಿಸಬಹುದು. ಇಮ್ಯುನೊಥೆರಪಿ ನಮ್ಮಲ್ಲಿ ಎಲ್ಲ ಊರಲ್ಲೂ ಸಿಗುವುದಿಲ್ಲ, ದುಬಾರಿ, ಚುಚ್ಚಿದಾಗಲೇ ಅಲರ್ಜಿ ಏಳುವ ಅಪಾಯವೂ ಇದೆ. ಅದಕ್ಕೇ ಆಸ್ಪತ್ರೆಯಲ್ಲೇ ಮಾಡಬೇಕು. ‘ನಾವೇ ಮನೆಯಲ್ಲಿ ಸ್ವಲ್ಪ ಸ್ವಲ್ಪ ಕಚ್ಚಿಸಿ ಅಭ್ಯಾಸ ಮಾಡಿಸುತ್ತೇವೆ’ ಎಂಬ ಯೋಚನೆ ನಿಮಗೆ ಬಂದಿದ್ದರೆ ಅಲ್ಲೇ ಬಿಟ್ಟುಬಿಡಿ. ಅವನು ಜೇನು ಕೃಷಿ ಬಿಡಲು ತಯಾರಿದ್ದರೆ ಅದು ಅತಿ ಅಗ್ಗದ ಚಿಕಿತ್ಸೆ. ಬಿಡುವುದಿಲ್ಲವೆಂದರೆ ಇಮ್ಯುನೊಥೆರಪಿಯನ್ನು ಜೇನಿನ ಕೆಲಸ ಮಾಡುವಷ್ಟು ವರ್ಷವೂ ಮುಂದುವರಿಸಬೇಕಾದೀತು. ಯಾವುದನ್ನು ಆರಿಸಿದರೂ ಮನೆಯಲ್ಲಿ ಅಡ್ರಿನಲಿನ್ ಇರಲಿ. ಪೆನ್ನಿನಂಥ ಆಟೋ ಇಂಜೆಕ್ಟರ್ ನಮ್ಮಲ್ಲಿ ಸುಲಭಕ್ಕೆ ಸಿಗದು. ಆಂಪೂಲ್ ಮತ್ತು ಸಿರಿಂಜ್ ಬರೆಸಿಕೊಂಡು, ತೊಡೆಯ ಹೊರಬದಿಯ ಸ್ನಾಯುವಿಗೆ ಎಷ್ಟು, ಹೇಗೆ ಚುಚ್ಚಬೇಕೆಂದು ಮನೆಯ ಇಬ್ಬರಾದರೂ ವೈದ್ಯರ ಎದುರೇ ಕಲಿಯಿರಿ. ಆವಿಲ್ ಮಾತ್ರೆ ನುಂಗಿ ಕಾಯುವುದು ಬೇಡ, ಅದು ತುರಿಕೆಗೆ ಸರಿ, ಕುಸಿಯುವ ಬಿಪಿಗೆ ಅಲ್ಲ. ಚುಚ್ಚಿ, ಕಾಲು ಎತ್ತರಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ.

ಕಣಜದ ವಿಷದಲ್ಲಿ ಮೆಲಿಟಿನ್ ಇಲ್ಲ. ಅದರ ಜಾಗದಲ್ಲಿ 14 ಅಮೈನೊ ಆಮ್ಲಗಳ ಮಾಸ್ಟೊಪರಾನ್ ಇದೆ. ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಹಾಗೇ ಬಿಟ್ಟರೆ ನಮ್ಮ ಕೋಶಗಳನ್ನೂ ಕೊಲ್ಲುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸೀಸರ್ ಡಿ ಲಾ ಫುವೆಂಟೆ ತಂಡ ಅದರ ಒಂದು ತುದಿಯನ್ನು ಬದಲಿಸಿ, ಬ್ಯಾಕ್ಟೀರಿಯಾಕ್ಕೆ ಹೆಚ್ಚು ಕಟುವಾಗಿ ನಮ್ಮ ಕೋಶಗಳಿಗೆ ಸೌಮ್ಯವಾಗಿರುವಂತೆ ಮಾಡಿತು. 2020ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಮಾರಕ ಸೋಂಕು ತಗುಲಿಸಿದ ಇಲಿಗಳಲ್ಲಿ ಹೆಚ್ಚಿನವು ಬದುಕಿದವು. ಬ್ರೆಜಿಲ್‌ನ ಪೊಲಿಬಿಯಾ ಕಣಜದ ಎಂಪಿ1 ಪೆಪ್ಟೈಡ್ ಕ್ಯಾನ್ಸರ್ ಕೋಶದ ಪೊರೆಯ ಹೊರಮೈಗೆ ಬಂದಿರುವ ಕೆಲವು ಕೊಬ್ಬುಗಳನ್ನೇ ಹುಡುಕಿ ತೂತು ಮಾಡುತ್ತದೆ ಎಂದು 2015ರಲ್ಲಿ ಬ್ರೆಜಿಲ್ ಮತ್ತು ಬ್ರಿಟನ್ನಿನವರು ತೋರಿಸಿದರು. ಆರಿಸಿ ಹೊಡೆಯುವ ಈ ಗುಣ ಮೆಲಿಟಿನ್ನಿನಲ್ಲಿ ಇಲ್ಲದ್ದು, ಹಾಗಾಗಿ ನನಗೆ ವೈಯಕ್ತಿಕವಾಗಿ ಕಣಜದ ಕಡೆಯೇ ಹೆಚ್ಚು ಆಸೆ. ನಮ್ಮ ಸೂರಿನಡಿ ಕಾಗದದಂಥ ಗೂಡು ಕಟ್ಟುವ ರೋಪಲಿಡಿಯಾ ಕಣಜವನ್ನು ಬೆಂಗಳೂರಿನ ಐಐಎಸ್‌ಸಿಯಲ್ಲಿ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಅದು ಅವುಗಳ ಸಮಾಜ ಜೀವನದ ಅಧ್ಯಯನ, ವಿಷದ್ದಲ್ಲ.

ಚಗಳಿಗೆ ಮುಳ್ಳೇ ಇಲ್ಲ! ಅದು ಬಾಯಲ್ಲಿ ಕಚ್ಚಿ, ಹೊಟ್ಟೆಯ ತುದಿಯಿಂದ ಫಾರ್ಮಿಕ್ ಆಮ್ಲ ಸಿಂಪಡಿಸುತ್ತದೆ. ಚಗಳಿ ಚಟ್ನಿಯ ಹುಳಿ ಅದರದ್ದೇ. ಒಡಿಶಾದ ಸಿಮಿಲಿಪಾಲದ ಕೆಂಪಿರುವೆ ಚಟ್ನಿಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆಯಾದರೂ ಅದು ತಿನಿಸಿನ ಲೆಕ್ಕದಲ್ಲಿ. ಬೆಂಕಿಯಿರುವೆಯ ವಿಷದಲ್ಲಿ ಶೇ 95ರಷ್ಟು ಆಲ್ಕಲಾಯ್ಡ್ ಎಂಬ ಪ್ರೋಟೀನಲ್ಲದ ರಾಸಾಯನಿಕ, ಪ್ರೋಟೀನ್ ತೀರಾ ಕಡಿಮೆ. ಆದರೂ ಅಲರ್ಜಿ ತರುವುದು ಆ ಕಡಿಮೆಯೇ. ದಕ್ಷಿಣ ಅಮೆರಿಕದ ಬುಲೆಟ್ ಇರುವೆಯ ಪೊನೆರಾಟಾಕ್ಸಿನ್ ನರದ ಸೋಡಿಯಂ ಬಾಗಿಲು ಮುಚ್ಚಿಕೊಳ್ಳದಂತೆ ಹಿಡಿದು ಗಂಟೆಗಟ್ಟಲೆ ನೋವು ಕೊಡುತ್ತದೆ. ನೋವು ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ಅದನ್ನು ಬಳಸುತ್ತಾರೆ. ಮನುಷ್ಯರಿಗೆ ನೇರವಾಗಿ ಉಪಯೋಗವಾದ ಇರುವೆ ವಿಷ ಎಂದರೆ ಟಾಸ್ಮೇನಿಯಾದ ಜ್ಯಾಕ್ ಜಂಪರ್ ಇರುವೆಯದು. ಅಲ್ಲಿ ಅದು ಕಚ್ಚಿ ಸಾವುಗಳಾಗುತ್ತಿದ್ದವು, 2003ರ ಪ್ರಯೋಗದಲ್ಲಿ ಅದರದ್ದೇ ವಿಷದ ಇಮ್ಯುನೊಥೆರಪಿ ಚೆನ್ನಾಗಿ ರಕ್ಷಣೆ ಕೊಟ್ಟಿತು.

ಕೊನೆಗೆ ಆ ವಿಷ ಖರೀದಿಯವರು. ವಿಧಾನ ಹೊಸದಲ್ಲ, 1963ರಿಂದಲೂ ಇದೆ. ಗೂಡಿನ ಬಾಗಿಲಲ್ಲಿ ಗಾಜಿನ ಹಲಗೆ, ಅದರ ಮೇಲೆ ಸಣ್ಣ ವಿದ್ಯುತ್ತಿನ ತಂತಿಗಳು. ಶಾಕ್ ತಗುಲಿದ ಜೇನು ಗಾಜಿಗೆ ಕುಟುಕುತ್ತದೆ, ಮುಳ್ಳು ಗಾಜಿಗೆ ಸಿಕ್ಕಿಕೊಳ್ಳದ ಕಾರಣ ಸಾಯುವುದಿಲ್ಲ, ವಿಷ ಗಾಜಿನ ಮೇಲೆ ಒಣಗುತ್ತದೆ, ಬ್ಲೇಡಿನಿಂದ ಕೆರೆದು ತೆಗೆಯುತ್ತಾರೆ. ಒಂದು ನೊಣಕ್ಕೆ 0.1 ಮಿಲಿಗ್ರಾಂ ಎಂದು ಹಿಡಿದರೂ ಒಂದು ಗ್ರಾಮಿಗೆ ಹತ್ತು ಸಾವಿರ ನೊಣ ಕುಟುಕಬೇಕು. ತುಡುವೆಯ ವಿಷ ಕಡಿಮೆ, ಕುಟುಂಬವೂ ಚಿಕ್ಕದು, ಕಿರುಕುಳ ಕೊಟ್ಟರೆ ಗೂಡು ಬಿಟ್ಟು ಹಾರಿಹೋಗುವ ಸ್ವಭಾವ ಬೇರೆ. ನಿಮಗೆ ನಾನು ಹೇಳಬೇಕಾಗಿಲ್ಲ. ಕುಟುಕುವಾಗ ಏಳುವ ಬಾಳೆಹಣ್ಣಿನಂಥ ವಾಸನೆ ಉಳಿದ ಜೇನುಗಳಿಗೆ ದಾಳಿಯ ಕರೆ, ಆ ದಿನ ದನಕರು, ಅಕ್ಕಪಕ್ಕದವರು ಜಾಗ್ರತೆ. ಎಲ್ಲಕ್ಕಿಂತ ಹೆಚ್ಚಾಗಿ, ಕೆರೆಯುವಾಗ ಹಾರುವ ಒಣವಿಷದ ಪುಡಿ ಕಣ್ಣು ಮೂಗು ಉರಿಸುತ್ತದೆ, ಉಸಿರಿನೊಂದಿಗೆ ಒಳಹೋಗಿ ಅಲರ್ಜಿ ಹುಟ್ಟಿಸಬಲ್ಲದು, ಬಟ್ಟೆಗೆ ಅಂಟಿ ಮನೆಯೊಳಗೂ ಬರುತ್ತದೆ. ತಮ್ಮನಿರುವ ಮನೆಯಲ್ಲಿ ಇದು ಬೇಡವೆಂದೇ ನನ್ನ ಸಲಹೆ. ಆದರೂ ಮಾಡಲೇಬೇಕೆಂದಿದ್ದರೆ, ವಿಷದ ಶುದ್ಧತೆಯನ್ನು ಯಾವ ಪ್ರಯೋಗಾಲಯದಲ್ಲಿ ಅಳೆಯುತ್ತಾರೆ, ಯಾರಿಗೆ ಮಾರುತ್ತಾರೆ, ಯಂತ್ರದ ದುಡ್ಡು ಮುಂಗಡವಾಗಿ ನಿಮ್ಮಿಂದಲೇ ಕೇಳುತ್ತಾರೆಯೇ ಎಂಬ ಮೂರು ಪ್ರಶ್ನೆಗೆ ಅವರಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.